ಛತ್ರದ ಸೀಮೆಯಲ್ಲಿ ಪೆಟ್ರೋಲಿಲ್ಲದ ದಿನಗಳು

ಮೈಸೂರಿನಿಂದ ನಂಜನಗೂಡಿಗೆ ನೀವು ಒಮ್ಮೆಯಾದರೂ ಹೋಗಿಯೇ ಇರುತ್ತೀರಿ. ಮಗುವಿನ ಮುಡಿ ಕೊಡುವುದಕ್ಕೋ, ದೊಡ್ಡಜಾತ್ರೆಯ ತೇರು ನೋಡುವುದಕ್ಕೋ, ಇಲ್ಲ ಸೋಮವಾರದ ದರ್ಶನಕ್ಕೋ. ಆದರೆ ಅದೇ ತಾಲ್ಲೂಕಿನ ಚಿಕ್ಕಯ್ಯನಛತ್ರಕ್ಕೆ ಹೋಗಿದ್ದೀರಾ ಎಂದರೆ ಬಹಳ ಮಂದಿ ತಲೆ ಅಲ್ಲಾಡಿಸುತ್ತಾರೆ. ಹೋಬಳಿಯ ಹೆಸರಾಗಿ ಕಾಗದ ಪತ್ರಗಳಲ್ಲಿ ಕಾಣುವ ಊರು ಅದು. ನೋಡಲೇಬೇಕಾದ ಊರು ಎಂದು ಯಾವ ಪುಸ್ತಕದಲ್ಲೂ ಬರೆದಿರಲಾರರು. ಗದ್ದೆ, ತೋಟ, ಹಾಲಿನ ಡೈರಿ, ಜಗುಲಿ ಮೇಲೆ ಕೂತು ಸೊಪ್ಪು ಬಿಡಿಸುವ ಹೆಂಗಸರು, ಇಷ್ಟೇ ಆ ಸೀಮೆ. ನನಗಂತೂ ಇಷ್ಟು ಸಾಕು!

ಆ ಹೆಸರನ್ನೇ ಸ್ವಲ್ಪ ಯೋಚಿಸಿ ನೋಡಿ. ಛತ್ರ ಎಂದರೆ ಈಗ ನಮಗೆ ಮದುವೆ ಛತ್ರ, ಕಲ್ಯಾಣ ಮಂಟಪ. ಹಿಂದಿನವರಿಗೆ ಅದು ದಾರಿಯಲ್ಲಿ ನಡೆದು ಬಂದವರು ಗಂಟು ಇಳಿಸಿ, ಕೈಕಾಲು ತೊಳೆದು, ಒಂದು ತುತ್ತು ಉಂಡು ಮಲಗುವ ಜಾಗ. ನಂಜುಂಡನ ಸನ್ನಿಧಿಗೆ, ತಿರುಮಕೂಡಲು ನರಸೀಪುರದ ಸಂಗಮ ಸ್ನಾನಕ್ಕೆ ಜನ ಕಾಲ್ನಡಿಗೆಯಲ್ಲೋ ಗಾಡಿ ಕಟ್ಟಿಕೊಂಡೋ ಹೋಗುತ್ತಿದ್ದರು. ನಂಜನಗೂಡಿನ ಬಳಿ ಕಪಿಲಾ ನದಿಯ ಹಳೆಯ ಸೇತುವೆ 1735ರದು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಆಮೇಲೆ ಎಷ್ಟೋ ವರ್ಷ ಬಂಡಿಗೂ ರೈಲಿಗೂ ಅದೊಂದೇ ಸೇತುವೆ. ಪೆಟ್ರೋಲಿನ ಹಂಗೇ ಇಲ್ಲದೆ ಊರೂರು ತಿರುಗಿದ ಸೀಮೆ ಇದು.

ಹಾಗಿದ್ದೂ ಪೆಟ್ರೋಲು ನಿಂತರೆ ನಮ್ಮ ಕೈಕಾಲು ಆಡುವುದಿಲ್ಲವಲ್ಲ, ಏನೆನ್ನೋಣ?

ನಮ್ಮ ಅತ್ತೆಯವರು ಇದ್ದಾಗ ಎರಡನೇ ಮಹಾಯುದ್ಧದ ಕಾಲದ ಇದ್ದಿಲು ಬಸ್ಸಿನ ಕಥೆ ಹೇಳುತ್ತಿದ್ದರು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಮರುವರ್ಷ ಬರ್ಮಾ ಜಪಾನೀಯರ ಕೈಸೇರಿದಾಗ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಆಗ ಬಸ್ಸಿನ ಹಿಂಭಾಗಕ್ಕೆ ಪೀಪಾಯಿಯಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಗಾಳಿ ಸಾಲದ ಹಾಗೆ ಉರಿಸಿ, ಅದರಿಂದ ಬರುವ ಅನಿಲದಲ್ಲೇ ಎಂಜಿನ್ ಓಡಿಸುತ್ತಿದ್ದರು. ಹೊರಡುವ ಮುಂಚೆ ಕ್ಲೀನರ್ ಹುಡುಗ ಬಹಳ ಹೊತ್ತು ಗಾಳಿಚಕ್ರ ತಿರುಗಿಸಬೇಕು. ಏರು ಬಂತೋ, ಗಂಡಸರೆಲ್ಲ ಇಳಿದು ತಳ್ಳಬೇಕು. “ಬಿಳೀ ಪಂಚೆ ಉಟ್ಕೊಂಡು ಹತ್ತಿದ ಬೀಗರು ಇಳಿಯೋ ಹೊತ್ತಿಗೆ ಕಮ್ಮಾರರ ಥರ ಕಾಣೋರು ಕಣಮ್ಮ” ಎಂದು ನಗುತ್ತಿದ್ದರು. ಸೀಮೆಎಣ್ಣೆಯೂ ಸಿಗದೆ ಮನೆಗಳಲ್ಲಿ ಹೊಂಗೆ ಎಣ್ಣೆಯ ದೀಪ ಹಚ್ಚಿದರಂತೆ. ದೀಪಕ್ಕೆ ಹೊಗೆ ಹೆಚ್ಚು, ಗೋಡೆಗೆ ಮಸಿ, ಆ ಮಸಿ ಒರೆಸುವ ಕೆಲಸ ಯಾರದು ಎಂದು ನಿಮಗೆ ಬೇರೆ ಹೇಳಬೇಕೆ!

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯನ್ನು ಬಿಗಿಹಿಡಿದವು. ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿಗೆ ಹನ್ನೆರಡರ ಹತ್ತಿರ ಬಂತು. ನಮ್ಮಲ್ಲೂ ಬೆಲೆ ಏರಿತೆಂದು ಆ ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದರು. ನಮ್ಮ ಹಳ್ಳಿಗಳ ಕಡೆ ಆಗ ಮೋಟಾರ್ ಸೈಕಲ್ಲು ಎಷ್ಟಿದ್ದಾವು? ಗಾಡಿ ಹೂಡಿ ಹೋಗುವುದು ಸುದ್ದಿಯಾಗುತ್ತದೆ ಎಂಬುದೇ ಅಲ್ಲಿನವರಿಗೆ ಸುದ್ದಿ.

ನಾನು ಕಣ್ಣಾರೆ ಕಂಡದ್ದು 2009ರ ಜನವರಿ. ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು. ಜನವರಿ 5ಕ್ಕೆ ಲಾರಿ ಮುಷ್ಕರ ಶುರುವಾಯಿತು. 7ರಿಂದ ಸರ್ಕಾರಿ ಎಣ್ಣೆ ಕಂಪನಿಗಳ ಅಧಿಕಾರಿಗಳು ಸಂಬಳದ ವಿಷಯಕ್ಕೆ ಕೆಲಸ ನಿಲ್ಲಿಸಿದರು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಎಣ್ಣೆಯ ಕೊಳವೆ ಮಾರ್ಗವೇ ಇದ್ದರೂ, ನಮ್ಮೂರಿನ ಬಂಕಿಗೆ ಕೊನೆಗೆ ತಂದು ಸುರಿಯಬೇಕಾದದ್ದು ಟ್ಯಾಂಕರ್ ಲಾರಿಯೇ ತಾನೆ? ಅದರ ಮೇಲೆ ಗಾಳಿಸುದ್ದಿ. ದಿನಕ್ಕೆ ಒಂದು ಲೀಟರು ಹಾಕಿಸುತ್ತಿದ್ದವರು ಅವತ್ತು ಐದು ಲೀಟರು ಕೇಳಿದರೆ, ಐದು ದಿನಕ್ಕೆ ಬರುವ ಸಂಗ್ರಹ ಒಂದೇ ದಿನಕ್ಕೆ ಮುಗಿಯುತ್ತದೆ. ಎಣ್ಣೆ ನಿಜವಾಗಿ ಮುಗಿಯುವ ಮೊದಲೇ ಹೆದರಿಕೆ ಅದನ್ನು ಮುಗಿಸಿಬಿಡುತ್ತದೆ.

ಸಂಕ್ರಾಂತಿಗೆ ಎಳ್ಳುಬೆಲ್ಲ ಮಾಡಿಕೊಡಲು ನಾನು ಆ ಸೀಮೆಯಲ್ಲಿದ್ದ ನನ್ನ ಓರಗಿತ್ತಿಯ ಮನೆಗೆ ಹೋಗಿದ್ದೆ. ಅವಳ ಸೊಸೆ ತುಂಬಿದ ಬಸುರಿ. ಬೀದಿಯಲ್ಲಿದ್ದದ್ದು ಒಂದೇ ಆಟೋ. 108ರ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ ಶುರುವಾಗಿ, 2008ರ ನವೆಂಬರಿನಿಂದ ಲೆಕ್ಕ ಹಾಕಿದರೆ, ಎರಡು ತಿಂಗಳು. ಕರೆದರೆ ಬಂದೀತೆಂಬ ಭರವಸೆ ಹಳ್ಳಿಗರಲ್ಲಿ ಇನ್ನೂ ಮೂಡಿರಲಿಲ್ಲ. ಬಂಕಿನ ಮುಂದೆ ಹಗ್ಗ ಕಟ್ಟಿದ್ದಾರೆ ಎಂಬ ಸುದ್ದಿ ಬಂದ ಕೂಡಲೇ ಓರಗಿತ್ತಿ ಸೆರಗು ಸಿಕ್ಕಿಸಿಕೊಂಡು ಆಟೋದವನ ಮನೆಗೆ ಹೋದಳು. ಅವನ ಟ್ಯಾಂಕಿನಲ್ಲಿ ಸುಮಾರು ಎರಡು ಲೀಟರು ಉಳಿದಿತ್ತು. “ಆ ಎರಡು ಲೀಟ್ರು ಹುಟ್ಟೋ ಮಗೀಗೆ ಕಣಪ್ಪ. ಎಷ್ಟು ಬಾಡಿಗೆ ಬಂದ್ರೂ ಗಾಡಿ ತೆಗೀಬ್ಯಾಡ” ಅಂದಳು. ದುಡಿಮೆ ನಿಂತರೆ ಅವನ ಮನೆಯ ಒಲೆಯ ಗತಿ? ಬೀದಿಯ ಹೆಂಗಸರೇ ಮಾತಾಡಿಕೊಂಡು ಮೂರು ದಿನ ಅವನ ಮನೆಗೆ ರಾಗಿ, ಅಕ್ಕಿ, ಹಾಲು ಕೊಟ್ಟರು. ಯಾರೂ ಲೆಕ್ಕ ಬರೆದಿಡಲಿಲ್ಲ.

8ರ ರಾತ್ರಿ ನೋವು ಕಾಣಿಸಿತು. ಆಟೋ ನಂಜನಗೂಡಿನ ಆಸ್ಪತ್ರೆ ಮುಟ್ಟಿತು. ಬೆಳಗಿನ ಜಾವ ಹೆಣ್ಣು ಮಗು. ಮುಷ್ಕರ ಮುಗಿದದ್ದು 9ರ ಸಂಜೆ!

ಮನೆಯೊಳಗೂ ಒಂದು ಸಣ್ಣ ರಾಜಕೀಯ ನಡೆಯಿತು, ಅದನ್ನೂ ಹೇಳಿಬಿಡುತ್ತೇನೆ. ಮೊಪೆಡ್ ನಿಂತ ಮೇಲೆ ಹಾಲಿನ ಕ್ಯಾನು ಡೈರಿಗೆ ಹೋಗುವುದು ಹೇಗೆ? ಮನೆಯಲ್ಲಿದ್ದದ್ದು ಮೊಮ್ಮಗಳ ಸೈಕಲ್ಲು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿತ್ತಲ್ಲ, ಅದು. ಗಂಡಸರು ಅದನ್ನು ದಿನವಿಡೀ ಇಟ್ಟುಕೊಳ್ಳುವ ಯೋಚನೆಯಲ್ಲಿದ್ದರು. ಹುಡುಗಿ ಬಾಯಿಬಿಡಲಿಲ್ಲ, ಸುಮ್ಮನೆ ಚಪ್ಪಲಿ ಹಾಕಿಕೊಂಡು ನಡೆಯಲು ಹೊರಟಳು. ಓರಗಿತ್ತಿ ಬಾಗಿಲಿಗೆ ಅಡ್ಡ ನಿಂತಳು: “ಬೆಳಗ್ಗೆ ಹಾಲಿಗೆ ತಕೊಂಡ್ಹೋಗಿ, ಬ್ಯಾಡ ಅನ್ನಲ್ಲ. ಒಂಬತ್ತು ಗಂಟೆಗೆ ಸೈಕಲ್ಲು ಅವಳ ಕೈಲಿರ್ಬೇಕು.” ಹಾಗೇ ಆಯಿತು. ನೀವೂ ಗಮನಿಸಿ ನೋಡಿ. ಕೊರತೆ ಎಂದು ಬಂದಾಗ ಮೊದಲು ಕೈಬಿಟ್ಟುಹೋಗುವುದು ಹೆಣ್ಣುಮಕ್ಕಳ ಸ್ಕೂಲು, ಮುದುಕರ ಔಷಧಿ. ಮನೆಯಲ್ಲಿ ಇರುವ ಪೆಟ್ರೋಲು ಯಾವುದಕ್ಕೆ, ಯಾರಿಗೆ ಎಂದು ಮೊದಲ ದಿನವೇ ಎಲ್ಲರೂ ಕೂತು ಗೊತ್ತುಮಾಡಿಕೊಂಡರೆ ಆಮೇಲೆ ಮುನಿಸಿರುವುದಿಲ್ಲ.

ಅಡುಗೆಮನೆ? ಲಾರಿ ಇಲ್ಲದೆ ಸಿಲಿಂಡರೂ ಬರಲಿಲ್ಲ, ಪೇಟೆಯ ತರಕಾರಿಯೂ ಬರಲಿಲ್ಲ. ಆದರೆ ಜನವರಿಯಲ್ಲಿ ನಮ್ಮ ಸೀಮೆಯವರಿಗೆ ಪೇಟೆಯ ಕೋಸು, ಬೀಟ್‌ರೂಟು ಯಾಕೆ ಬೇಕು ಹೇಳಿ, ಸೊಗಡಿನ ಅವರೆ ಇರುವಾಗ! ಅವರೆಕಾಳನ್ನು ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಚೂರು ಹುಣಿಸೆ ರುಬ್ಬಿದ ಖಾರ ಪಕ್ಕಕ್ಕಿಟ್ಟರೆ ಉಪ್ಸಾರಾಯಿತು. ಬಿಸಿ ಮುದ್ದೆ, ಕಾಳಿಗೆ ಒಂದು ಒಗ್ಗರಣೆ. ನಂಟರು ಬಂದರೂ ಮಾನ ಉಳಿಯುತ್ತದೆ. ಗ್ಯಾಸು ಉಳಿಸಲು ಅವಳು ಮಾಡುತ್ತಿದ್ದ ಇನ್ನೊಂದು ಉಪಾಯ: ಅಕ್ಕಿಗೆ ಚೆನ್ನಾಗಿ ಕುದಿ ಬಂದ ಮೇಲೆ ಮುಚ್ಚಳ ಭದ್ರ ಮಾಡಿ, ಒಲೆಯಿಂದ ದೂರ, ಒಣಹುಲ್ಲು ತುಂಬಿದ ಬುಟ್ಟಿಯೊಳಗೆ ಇಟ್ಟು ಮೇಲೆ ಹಳೇ ಕಂಬಳಿ ಒತ್ತುವುದು. ಗಂಟೆ ಬಿಟ್ಟು ತೆಗೆದರೆ ಅನ್ನ ಹೂವಿನ ಹಾಗೆ ಅರಳಿರುತ್ತದೆ. ಕೊಬ್ಬರಿ, ಬೆಲ್ಲ, ಕಡಲೆಬೀಜ ಮನೆಯಲ್ಲೇ ಇತ್ತು. ಕಬ್ಬಿನ ಜಲ್ಲೆ ಪಕ್ಕದ ಹೊಲದಿಂದ ಗಾಡಿಯಲ್ಲೇ ಬಂತು. ಹುರಿಗಡಲೆಗೆ ಮಾತ್ರ ಸ್ವಲ್ಪ ಪರದಾಟ. ಲಾರಿ ಮುಷ್ಕರ 12ಕ್ಕೆ ಮುಗಿದು, ಸಂಕ್ರಾಂತಿ ಸಾಂಗವಾಗಿ ಕಳೆಯಿತು. ದನಗಳ ಕಿಚ್ಚು ಹಾಯಿಸುವಾಗ ಮೊಪೆಡ್ಡನ್ನೂ ಹಾಯಿಸಿ ಎಂದು ಹುಡುಗರು ತಮಾಷೆ ಮಾಡಿದರು.

ಆ ದಿನಗಳಲ್ಲಿ ನನಗೆ ಎದೆ ಝಲ್ಲೆನ್ನಿಸಿದ್ದು ಬೇರೊಂದು ಸಂಗತಿ. ಎಲ್ಲರ ಮನೆಯಲ್ಲೂ ತಂಪುಪಾನೀಯದ ಬಾಟಲಿಗಳಲ್ಲಿ ಪೆಟ್ರೋಲು! ಒಬ್ಬರ ಮನೆಯಲ್ಲಿ ಕಿತ್ತಳೆ ಶರಬತ್ತಿನ ಚೀಟಿಯನ್ನೂ ಕೀಳದೆ ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದರು. ದಯವಿಟ್ಟು ಈ ಮಾತು ನೆನಪಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದ ಮೇಲೆ ತೆವಳಿಕೊಂಡು ದೂರದ ಒಲೆಯ ತನಕವೂ ಹೋಗುತ್ತದೆ, ಅಲ್ಲಿಂದ ಬೆಂಕಿ ವಾಪಸು ಓಡಿ ಬರುತ್ತದೆ. ಸೀಮೆಎಣ್ಣೆ ಸ್ಟೌವಿಗೆ ಒಂದು ತೊಟ್ಟೂ ಪೆಟ್ರೋಲು ಬೆರೆಸಕೂಡದು, ಸ್ಟೌ ಸಿಡಿಯುತ್ತದೆ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ವಾಂತಿಯ ಜತೆ ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿರುವುದಕ್ಕಿಂತ ದೊಡ್ಡ ಅಪಾಯ. ಮೈಮೇಲೆ ಚೆಲ್ಲಿದ ಬಟ್ಟೆ ಬಿಚ್ಚಿ, ಸೋಪಿನಲ್ಲಿ ತೊಳೆದು, ಆ ಬಾಟಲಿಯನ್ನೂ ಜತೆಗೆ ಹಿಡಿದು ಆಸ್ಪತ್ರೆಗೆ ಓಡಿ. ಇನ್ನೊಂದು, ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುತ್ತದೆ, ಅದರಲ್ಲಿ ನಮ್ಮ ಕಬ್ಬಿನದೂ ಪಾಲಿದೆ. ಎಥೆನಾಲ್ ನೀರಿನ ಪಸೆ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮನೆಯಲ್ಲಿ ಕೂಡಿಟ್ಟರೆ ಗಾಡಿಗೂ ಒಳ್ಳೆಯದಲ್ಲ. ಇರಬೇಕಾದದ್ದು ಗಾಡಿಯ ಟ್ಯಾಂಕಿನಲ್ಲೇ ಇರಲಿ. ಅರ್ಧಕ್ಕೆ ಇಳಿದಾಗಲೇ ತುಂಬಿಸುವ ರೂಢಿ ಇದ್ದರೆ ಗಾಳಿಸುದ್ದಿಗೆ ಬೆದರಿ ಕ್ಯೂ ನಿಲ್ಲಬೇಕಾಗಿಲ್ಲ. ಟೈರಿನ ಗಾಳಿ ಸರಿಯಾಗಿದ್ದರೆ ಎಣ್ಣೆಯೂ ಉಳಿಯುತ್ತದೆ.

ಆ ಕಡೆ ಹೋಗಬೇಕೆನಿಸಿದರೆ ನಿಮಗೆ ಪೆಟ್ರೋಲಿನ ಚಿಂತೆ ಏನೂ ಬೇಡ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಮೈಸೂರಿನಿಂದ ಕಡಕೊಳ, ತಾಂಡವಪುರದ ಮೇಲೆ ನಂಜನಗೂಡಿಗೆ ರೈಲೂ ಉಂಟು, ಈಗ ಬ್ರಾಡ್‌ಗೇಜ್. ಆದರೆ ಮಳೆಗಾಲದಲ್ಲಿ ಕಬಿನಿ ಅಣೆಕಟ್ಟೆಯ ಸುದ್ದಿ ಕೇಳಿಕೊಂಡು ಹೊರಡಿ. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಹೆದ್ದಾರಿಯ ಮೇಲೇ ನೀರು ನಿಂತಿತ್ತು. ಮಾಗಿಯಲ್ಲಿ ಹೋದರೆ ಎಲ್ಲಕ್ಕಿಂತ ಚೆನ್ನ. ಬೆಳಗಿನ ರೈಲು ಹಿಡಿದು, ಹೊಳೆಯಲ್ಲಿ ಕಾಲು ತೊಳೆದು, ದರ್ಶನ ಮುಗಿಸಿ, ಹಳೇ ಸೇತುವೆ ನೋಡಿಕೊಂಡು, ಸಿಕ್ಕರೆ ಒಂದು ಚಿಪ್ಪು ರಸಬಾಳೆ ಕೊಳ್ಳಿ. ನಿಜವಾದ ರಸಬಾಳೆ ಈಗೀಗ ಅಪರೂಪ. ಕೊಳ್ಳುವ ಮುಂಚೆ ಮೂಸಿ ನೋಡಿ.