ನೆಕ್ಕರ್ ನದಿಯ ಮೇಲೊಂದು ಅಪರಾಹ್ಣ

ಕನ್ನಡ ಎಂ. ಎ. ಓದಿದವನಿಗೆ ಟ್ಯೂಬಿಂಗನ್ ಎಂಬ ಹೆಸರು ಅಪರಿಚಿತವಲ್ಲ. ಕನ್ನಡ ನಾಡಿನಲ್ಲಿ ದಶಕಗಳ ಕಾಲ ದುಡಿದು, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮ್ಮ ಕೈಗಿತ್ತ ಫರ್ಡಿನಂಡ್ ಕಿಟೆಲ್ಲರು ತಮ್ಮ ಕಡೆಗಾಲವನ್ನು ಕಳೆದದ್ದು ಜರ್ಮನಿಯ ಈ ಊರಿನಲ್ಲಿ. ಇಲ್ಲಿಯ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು; 1903ರಲ್ಲಿ ಅವರು ತೀರಿಕೊಂಡದ್ದೂ ಇಲ್ಲಿಯೇ. ಇಂಥ ಊರಿನಲ್ಲಿ ನನ್ನ ಅಕ್ಕ ಭಾವಂದಿರು ಸಂಸಾರ ಹೂಡಿದ್ದಾರೆಂದ ಮೇಲೆ, ಬೇಸಗೆಯ ರಜೆಯಲ್ಲಿ ಆಯಿಯನ್ನು ಕರೆದುಕೊಂಡು ಹೊರಡುವುದಕ್ಕೆ ನನಗೆ ಬೇರೆ ನೆಪ ಬೇಕಾಗಲಿಲ್ಲ.

ಆಯಿಗೆ ಕಿಟೆಲ್ಲರ ಗೊಡವೆ ಇರಲಿಲ್ಲ. ಅವಳು ಹೊರಟದ್ದು ಮೊಮ್ಮಗಳಿಗಾಗಿ. ಹುಡುಗಿಗೆ ಈಗ ಒಂಬತ್ತು ವರ್ಷ. ಕನ್ನಡ ಹೇಳಿದರೆ ತಿಳಿಯುತ್ತದೆ. ಬಾಯಲ್ಲಿ ಬರುವುದು ಮಾತ್ರ ಜರ್ಮನ್. ಅಜ್ಜಿ ಒಂದು ಕೇಳಿದರೆ ಅವಳು ಇನ್ನೊಂದು ಭಾಷೆಯಲ್ಲಿ ಉತ್ತರ ಕೊಡುವಳು, ನಡುವೆ ಅಕ್ಕ ದುಭಾಷಿಯಾಗಬೇಕು. ಮೂರು ದಿನ ಹೀಗೆ ನಡೆದು, ನಾಲ್ಕನೆಯ ದಿನ ಆಯಿ ಕೇಳುವುದನ್ನೇ ಬಿಟ್ಟಳು. ಅಡಿಗೆಮನೆಯ ಕಿಟಕಿಯ ಬಳಿ ಕುಳಿತು ಕೆಂಪು ಹೆಂಚಿನ ಮಾಡುಗಳನ್ನು ನೋಡುತ್ತಿದ್ದಳು. ಅಕ್ಕನ ಮುಖವೂ ಸಪ್ಪಗಾಯಿತು.

ಭಾವ ನಮ್ಮನ್ನು ಊರು ಸುತ್ತಿಸಿದರು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಹೆಚ್ಚಾಗಿ ಸಿಕ್ಕದೆ ಉಳಿದ ಊರಿದು. ಮರದ ಚೌಕಟ್ಟಿನ ಹಳೆಯ ಮನೆಗಳು ಕಲ್ಲುಹಾಸಿನ ಇಕ್ಕಟ್ಟಾದ ಓಣಿಗಳಲ್ಲಿ ಒಂದಕ್ಕೊಂದು ಒರಗಿಕೊಂಡಂತೆ ನಿಂತಿವೆ. ಪುರಭವನದ ನೆತ್ತಿಯಲ್ಲಿ 1511ರ ಖಗೋಳ ಗಡಿಯಾರ. ವಿಶ್ವವಿದ್ಯಾನಿಲಯ 1477ರದು, ಕೆಪ್ಲರ್ ಓದಿದ್ದು, ಹೆಗೆಲ್ ಓದಿದ್ದು ಇಲ್ಲಿ. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡಿಗೆಮನೆಯೊಂದು ಪ್ರಯೋಗಶಾಲೆಯಾಗಿದ್ದಾಗ, 1869ರಲ್ಲಿ, ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೀಶರ್ ಎಂಬ ತರುಣ ಮೊದಲು ಬೇರ್ಪಡಿಸಿದನಂತೆ. ದೊಡ್ಡ ಚರ್ಚಿನ ಎದುರಿನ ಪುಸ್ತಕದಂಗಡಿಯಲ್ಲಿ 1895ರಿಂದ ಕೆಲಸ ಕಲಿಯುತ್ತಿದ್ದ ಹುಡುಗನೇ ಮುಂದೆ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಅವನ ತಂದೆ ನಮ್ಮ ಮಂಗಳೂರಿನಲ್ಲಿ ಮಿಷನರಿಯಾಗಿದ್ದವರು. ಆ ಅಂಗಡಿಯ ಬಾಗಿಲಲ್ಲಿ ಮುದುಕ ಕಿಟೆಲ್ಲರೂ ತರುಣ ಹೆಸ್ಸೆಯೂ ಎಂದಾದರೂ ಎದುರುಬದುರಾಗಿರಬಹುದೇ ಎಂದು ನಾನು ಊಹೆಯಲ್ಲಿ ಮುಳುಗಿ ನಿಂತಿದ್ದರೆ, ಆಯಿ, “ಕಾಲು ನೋಯುತ್ತದೆ, ಎಲ್ಲಾದರೂ ಕೂರೋಣ” ಎಂದಳು.

ಕೂರುವುದಕ್ಕೆ ಸಿಕ್ಕಿದ್ದು ದೋಣಿ. ನೆಕ್ಕರ್ ನಮ್ಮ ಶರಾವತಿಯಂತೆ ಭೋರ್ಗರೆಯುವ ಹೊಳೆಯಲ್ಲ. ಊರಿನ ಕಾಲಬಳಿ ನಡುಗಡ್ಡೆಯೊಂದನ್ನು ಬಳಸಿಕೊಂಡು ಸದ್ದಿಲ್ಲದೆ ಹರಿಯುತ್ತದೆ. ನಡುಗಡ್ಡೆಯ ಉದ್ದಕ್ಕೂ ಮುಗಿಲೆತ್ತರದ ಪ್ಲೇನ್ ಮರಗಳ ಸಾಲು. ಚಪ್ಪಟೆ ತಳದ ಉದ್ದನೆಯ ದೋಣಿ; ಎರಡು ಬದಿಗೂ ಎದುರುಬದುರಾಗಿ ಜನ ಕೂರುತ್ತಾರೆ. ಹಿಂಬದಿಯಲ್ಲಿ ಒಬ್ಬ ವಿದ್ಯಾರ್ಥಿ ನಿಂತು ಉದ್ದನೆಯ ಗಳವನ್ನು ಹೊಳೆಯ ತಳಕ್ಕೆ ಊರಿ ದೋಣಿಯನ್ನು ನೂಕುತ್ತಿದ್ದ. ಗೇರುಸೊಪ್ಪೆಯ ಹತ್ತಿರ ಹುಟ್ಟಿ ಬೆಳೆದ ಆಯಿಯ ಮುಖ ಆ ಗಳವನ್ನು ಕಂಡದ್ದೇ ಅರಳಿತು. “ಅಡ್ಡಿಲ್ಲ, ಊರುವುದಕ್ಕೆ ಬರುತ್ತದೆ ಇವನಿಗೆ” ಎಂದು ಮೆಚ್ಚಿಗೆಯನ್ನೂ ಕೊಟ್ಟಳು.

ನೀರಿನಂಚಿಗೇ ಹಳದಿ ಬಣ್ಣದ ದುಂಡನೆಯ ಗೋಪುರವೊಂದು ಕಂಡಿತು. ನಾನು ಅಧ್ಯಾಪಕನ ಧಾಟಿಯಲ್ಲಿ ಆಯಿಗೆ ವಿವರಿಸತೊಡಗಿದೆ: ಹೋಲ್ಡರ್ಲಿನ್ ಎಂಬ ಮಹಾಕವಿ ಬುದ್ಧಿಭ್ರಮಣೆಯಾಗಿ, 1807ರಿಂದ 1843ರಲ್ಲಿ ಸಾಯುವವರೆಗೆ, 36 ವರ್ಷ ಇಲ್ಲಿಯೇ ಇದ್ದ, ಅವನನ್ನು ಮನೆಯಲ್ಲಿ ಇಟ್ಟುಕೊಂಡವನು ತ್ಸಿಮ್ಮರ್ ಎಂಬ ಬಡಗಿ.

“ಸಂಬಂಧಿಕನೇ?”

“ಅಲ್ಲ.”

“ಹಾಗಾದರೆ ಅಷ್ಟು ವರ್ಷ ಅವನನ್ನು ನೋಡಿಕೊಂಡವರು ಯಾರೋ ಮಾಣಿ? ಬೇಯಿಸಿ ಹಾಕಿದವರು? ಬಟ್ಟೆ ಒಗೆದವರು? ಬಡಗಿ ಕೆಲಸಕ್ಕೆ ಹೋಗುತ್ತಿದ್ದನಲ್ಲ!”

ನಾನು ಓದಿಕೊಂಡು ಹೋದ ಕವಿಚರಿತ್ರೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಸುಮ್ಮನಾದೆ. ಆಗ ಎದುರಿಗೆ ಕುಳಿತಿದ್ದ ಹುಡುಗಿ, ನೀರಿನಿಂದ ಕೈ ತೆಗೆದು, ಅಜ್ಜಿಯನ್ನೇ ನೋಡಿ ಹೇಳಿದಳು: “ಲೊಟ್ಟೆ.”

ಆಯಿ ಬೆಚ್ಚಿದಳು. “ಲೊಟ್ಟೆಯೋ? ಅಷ್ಟು ಹೊತ್ತಿನಿಂದ ನಿನ್ನ ಮಾವ ಹೇಳಿದ್ದು ಲೊಟ್ಟೆಯೇನೇ ಕೂಸೇ?”

ನಮ್ಮ ಕಡೆಯಲ್ಲಿ ಲೊಟ್ಟೆಯೆಂದರೆ ಸುಳ್ಳು. ಅಕ್ಕ ನಗುವುದಕ್ಕೆ ಹಿಡಿದವಳು ನಿಲ್ಲಿಸಲಾರಳು. ಲೊಟ್ಟೆ ಎಂಬುದು ಆ ಬಡಗಿಯ ಮಗಳ ಹೆಸರು. 1838ರಲ್ಲಿ ತಂದೆ ಸತ್ತ ಮೇಲೆ ಕವಿಯನ್ನು ಕಡೆಯತನಕ ನೋಡಿಕೊಂಡವಳು ಅವಳೇ. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಅಜ್ಜಿಯ ಪ್ರಶ್ನೆ ಪೂರ್ತಿ ಅರ್ಥವಾಗಿ, ದುಭಾಷಿಯಿಲ್ಲದೆ, ಹುಡುಗಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು. ನಗುವಿನ ಕಾರಣ ತಿಳಿದ ಮೇಲೆ ಅವಳು ಅಮ್ಮನನ್ನು ಬಿಡಲಿಲ್ಲ. ನಿಜಕ್ಕೆ ಏನೆನ್ನುತ್ತಾರೆ? ಹೊಳೆಗೆ? ಗಳಕ್ಕೆ? ಆಯಿ ಒಂದೊಂದನ್ನೇ ಹೇಳಿದಳು. ಹುಡುಗಿ ಒಂದೊಂದನ್ನೇ ತಿರುಚಿ ತಿರುಚಿ ಹೇಳಿದಳು. ಹೊಳೆಯ ‘ಳ’ಕಾರ ಆ ನಾಲಿಗೆಗೆ ಬಗ್ಗಲೇ ಇಲ್ಲ. ಕಿಟೆಲ್ಲರಿಗೆ ಅದನ್ನು ಬಗ್ಗಿಸುವುದಕ್ಕೆ ಎಷ್ಟು ದಿನ ಹಿಡಿದಿತ್ತೋ! ದೋಣಿ ನಡುಗಡ್ಡೆಯನ್ನು ಸುತ್ತಿ ದಡ ಮುಟ್ಟಿದ್ದು ನಮಗಾರಿಗೂ ತಿಳಿಯಲಿಲ್ಲ.

ಆ ಬಳಿಕ ಮನೆಯಲ್ಲಿ ಎಲ್ಲವೂ ಲೊಟ್ಟೆಯಾಯಿತು. ಹಲ್ಲುಜ್ಜಿದೆನೆಂದರೆ ಲೊಟ್ಟೆ, ಹೊಟ್ಟೆ ತುಂಬಿತೆಂದರೆ ಲೊಟ್ಟೆ. ಅಜ್ಜಿ ಮೊಮ್ಮಗಳು ಒಬ್ಬರ ಮೇಲೊಬ್ಬರು ಆರೋಪ ಹೊರಿಸುತ್ತ ಮೂರು ವಾರ ಕಳೆದರು. ಕಿಟೆಲ್ಲರ ಮನೆಯನ್ನು ಹುಡುಕಬೇಕೆಂದು ಬಂದಿದ್ದ ನನ್ನ ಸಂಕಲ್ಪ ಹಾಗೆಯೇ ಉಳಿಯಿತು.

ಹೊರಡುವ ದಿನ ಎಲ್ಲರೂ ರೈಲು ನಿಲ್ದಾಣಕ್ಕೆ ಬಂದರು. ಎಪ್ಪತ್ತನಾಲ್ಕು ವರ್ಷದ ಆಯಿ, ಮಂಡಿಯ ನೋವನ್ನು ತಡೆದುಕೊಂಡು ಬಗ್ಗಿ, ಮೊಮ್ಮಗಳ ಗಲ್ಲ ಹಿಡಿದು, “ಮುಂದಿನ ವರ್ಷ ಮತ್ತೆ ಬರುತ್ತೇನೆ ಕೂಸೇ” ಎಂದಳು.

ಹುಡುಗಿ ಅವಳ ಮುಖವನ್ನೇ ನೋಡುತ್ತ ಕೇಳಿದಳು: “ಲೊಟ್ಟೆ?”

ಆಯಿ ನನ್ನತ್ತ ತಿರುಗಿ, ರೈಲಿಗೆ ಇನ್ನೂ ಎಷ್ಟು ಹೊತ್ತಿದೆ ಎಂದು ವಿಚಾರಿಸಿದಳು.