ಪ್ರಸ್ತಾರದಲ್ಲಿ ಅಡಗಿದ ಗ್ರಹ

ಯಾರೂ ಕೈಯಾರೆ ರಚಿಸದ, ಯಾರ ಕಣ್ಣಿಗೂ ಬೀಳದ ಗ್ರಹವೊಂದನ್ನು ಆಟದಲ್ಲಿ ಕಂಡುಹಿಡಿಯುವುದು ಸಾಧ್ಯವೇ? ಆಟವೆಂಬುದು ಮನುಷ್ಯನೇ ಕಟ್ಟಿದ್ದು. ತಾನು ಬಚ್ಚಿಟ್ಟುದನ್ನು ತಾನೇ ತೆಗೆದು ಬೆರಗಾಗುವುದು ಬಾಲಲೀಲೆಯಲ್ಲದೆ ಮತ್ತೇನೆಂದು ಹಿರಿಯರು ಕೇಳಬಹುದು. ಈ ಪ್ರಶ್ನೆಗೆ ಉತ್ತರವು ಕನ್ನಡ ವಿದ್ಯಾರ್ಥಿಗೆ ಪರಿಚಿತವಾದ ಛಂದಶ್ಶಾಸ್ತ್ರದಲ್ಲಿಯೇ ಇದೆ.

೧೯೮೪ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್, ಇಯಾನ್ ಬೆಲ್ ಎಂಬ ತರುಣರು ‘ಎಲೀಟ್’ ಎಂಬ ವ್ಯೋಮಯಾನದ ಆಟವನ್ನು ಹೊರತಂದರು. ಅದನ್ನು ನಡೆಸಬೇಕಾಗಿದ್ದ ಬಿ.ಬಿ.ಸಿ. ಮೈಕ್ರೊ ಕಂಪ್ಯೂಟರಿನ ಸ್ಮೃತಿಯ ಅಳತೆ ಕೇವಲ ೩೨ ಕಿಲೋಬೈಟ್. ಆದರೂ ಅದರಲ್ಲಿ ೮ ನಕ್ಷತ್ರಪುಂಜಗಳು, ಒಂದೊಂದರಲ್ಲಿ ೨೫೬ರಂತೆ ಒಟ್ಟು ೨೦೪೮ ಲೋಕಗಳು ಅಡಗಿದ್ದವು. ಅವುಗಳ ಹೆಸರನ್ನಾಗಲಿ ಆಡಳಿತ ವ್ಯಾಪಾರಗಳ ವಿವರವನ್ನಾಗಲಿ ಒಂದೊಂದಾಗಿ ಬರೆದಿಟ್ಟಿರಲಿಲ್ಲ. ಇದ್ದದ್ದು ಬೀಜಸಂಖ್ಯೆ ಮತ್ತು ಅದನ್ನು ಬೆಳೆಸುವ ಸೂತ್ರ. ಯಾತ್ರಿಕನು ಬೇಡಿದಾಗ ಲೋಕವು ಆ ಬೀಜದಿಂದ ಮೊಳೆಯುತ್ತಿತ್ತು. ಎಷ್ಟು ಸಲ ಬಂದರೂ ಅದೇ ರೂಪದಲ್ಲಿ ಮೊಳೆಯುತ್ತಿತ್ತು.

೨೦೪೮ ಎಂಬ ಸಂಖ್ಯೆಯು ಛಂದಸ್ಸನ್ನು ಅಭ್ಯಸಿಸಿದವರಿಗೆ ಹೊಸದಲ್ಲ. ಹನ್ನೊಂದಕ್ಷರದ ತ್ರಿಷ್ಟುಪ್ ವರ್ಗದಲ್ಲಿ ಗುರುಲಘುಗಳ ವಿನ್ಯಾಸಗಳು ಸರಿಯಾಗಿ ಅಷ್ಟೇ. ನಾಗವರ್ಮನ ‘ಛಂದೋಂಬುಧಿ’ಯಲ್ಲಿ ನಿರೂಪಿತವಾದ ಷಟ್‌ಪ್ರತ್ಯಯಗಳಲ್ಲಿ ‘ನಷ್ಟ’ವೂ ಒಂದು. ಪ್ರಸ್ತಾರದ ಪಟ್ಟಿಯೇ ಅಳಿದುಹೋಗಿದ್ದರೂ ಸಾಲಿನ ಸಂಖ್ಯೆಯೊಂದರಿಂದ ವೃತ್ತವನ್ನು ಮರಳಿ ಪಡೆಯುವ ವಿಧಾನವದು. ಸಂಖ್ಯೆಯು ಸಮವಾಗಿದ್ದರೆ ಅರ್ಧಿಸಿ ಲಘುವನ್ನೂ, ವಿಷಮವಾಗಿದ್ದರೆ ಒಂದನ್ನು ಕೂಡಿಸಿ ಅರ್ಧಿಸಿ ಗುರುವನ್ನೂ ಇಡಬೇಕು. ೩೫೭ರಿಂದ ಆರಂಭಿಸಿ ಹನ್ನೊಂದು ಸಲ ಹೀಗೆ ನಡೆದರೆ ತ ತ ಜ ಗಣಗಳೂ ಎರಡು ಗುರುಗಳೂ ದೊರೆತು ಇಂದ್ರವಜ್ರವು ಎದ್ದು ನಿಲ್ಲುತ್ತದೆ! ಅದು ಪ್ರಸ್ತಾರದಲ್ಲಿ ಮೊದಲೇ ಇತ್ತು, ನಿಜ. ಆದರೆ ೨೦೪೮ರಲ್ಲಿ ಕವಿಗಳ ಕಿವಿಗೆ ಒಪ್ಪಿ ಬಾಳಿದ ವೃತ್ತಗಳು ಕೆಲವೇ. ಇರುವುದು ಬೇರೆ, ಗುರುತಿಸಿ ಕೈಹಿಡಿಯುವುದು ಬೇರೆ. ಆಟದ ಯಾತ್ರಿಕನ ಹರ್ಷವೂ ಈ ಬಗೆಯದು.

೨೦೧೪ರಲ್ಲಿ ಇದೇ ಪರಂಪರೆಯ ‘ಎಲೀಟ್ ಡೇಂಜರಸ್’ ಬಂದಿತು. ಅದರಲ್ಲಿ ಇಡೀ ಆಕಾಶಗಂಗೆಯೇ, ಸುಮಾರು ೪೦,೦೦೦ ಕೋಟಿ ನಕ್ಷತ್ರಮಂಡಲಗಳೊಡನೆ, ಪ್ರತಿರೂಪ ಪಡೆದಿದೆ. ತಿಳಿದ ನಕ್ಷತ್ರಗಳನ್ನು ಖಗೋಳದ ಪಟ್ಟಿಗಳಿಂದ ತೆಗೆದುಕೊಂಡು, ಉಳಿದವನ್ನು ಭೌತಶಾಸ್ತ್ರದ ನಿಯಮಗಳನ್ನನುಸರಿಸುವ ಸೂತ್ರಗಳಿಂದ ಬೆಳೆಸಿದ್ದಾರೆ. ವಿಲಕ್ಷಣವಾದ ಗ್ರಹವನ್ನು ಮೊದಲು ಕಂಡವನ ಹೆಸರು ಅದರೊಡನೆ ಉಳಿಯುತ್ತದೆ.

೨೦೧೭ರ ಫೆಬ್ರವರಿಯಲ್ಲಿ, ಸುಮಾರು ೪೦ ಜ್ಯೋತಿರ್ವರ್ಷಗಳಾಚೆಯ ಟ್ರಾಪಿಸ್ಟ್-೧ ಎಂಬ ಮಂದ ನಕ್ಷತ್ರದ ಸುತ್ತ ಹೆಚ್ಚುಕಡಿಮೆ ಭೂಮಿಯ ಗಾತ್ರದ ಏಳು ಗ್ರಹಗಳಿವೆಯೆಂದು ಖಗೋಳಜ್ಞರು ಸಾರಿದರು. ಆಟದ ನಿರ್ಮಾಪಕರು ತಮ್ಮ ಆಕಾಶವನ್ನು ಶೋಧಿಸಿದರು. ಸುಮಾರು ಅದೇ ದೂರದಲ್ಲಿ, ಕಂದು ಕುಬ್ಜವೊಂದರ ಸುತ್ತ ಶಿಲಾಗ್ರಹಗಳಿದ್ದ ಮಂಡಲವೊಂದನ್ನು ಸೂತ್ರವು ತಾನಾಗಿಯೇ ಬೆಳೆಸಿಟ್ಟಿತ್ತು! ಹೋಲಿಕೆ ಇದ್ದರೂ ಅದು ಯಥಾರ್ಥವಾಗಿರಲಿಲ್ಲ. ಸೂತ್ರದ ಗೆಲವೆಂದು ಅವರು ಅಷ್ಟಕ್ಕೇ ಬೀಗಿ ನಿಲ್ಲಲಿಲ್ಲ. ದೂರದರ್ಶಕದ ಅಳತೆಗಳಿಗೆ ಹೊಂದುವಂತೆ ಅದನ್ನು ತಿದ್ದಿ, ನಿಜವಾದ ಹೆಸರನ್ನೇ ಇಟ್ಟರು.

ವೈಯಾಕರಣರು ಬಲ್ಲ ಧರ್ಮವೂ ಇದೇ: ಲಕ್ಷ್ಯವಿದ್ದಂತೆ ಲಕ್ಷಣ. ನುಡಿಯು ಸೂತ್ರವನ್ನು ಮೀರಿದಾಗ ತಿದ್ದಿಕೊಳ್ಳಬೇಕಾದುದು ಸೂತ್ರ, ನುಡಿಯಲ್ಲ. ವಿದ್ಯಾರ್ಥಿಗೆ ಸೂತ್ರವನ್ನು ಬಾಯಿಪಾಠ ಮಾಡಿಸುವುದು ಅರ್ಧ ವಿದ್ಯೆ. ತಾನು ಗುಣಿಸಿ ಪಡೆದ ಲೋಕವನ್ನು ಹೊರಗಿನ ಆಕಾಶದೊಡನೆ ಒರೆಹಚ್ಚಿ, ಅಗತ್ಯವಾದಲ್ಲಿ ತಿದ್ದುವ ವಿನಯವನ್ನು ಕಲಿಸಿದಾಗ ಉಳಿದರ್ಧವು ಪೂರ್ಣವಾಗುತ್ತದೆ.