ಭಯಕ್ಕೆ ಬರೆದ ನಗೆಸಾಲು

ಮೊಬೈಲಿನಲ್ಲಿ ಒಂದು ಚಿತ್ರವನ್ನಿಟ್ಟು, ಅದರ ಮೇಲೊಂದು ಕೆಳಗೊಂದು ಸಾಲು ಬರೆದು, ಹತ್ತು ಜನಕ್ಕೆ ಕಳಿಸಿ ನಗಿಸುವ ರೂಢಿಗೆ ಈಗಿನ ತರುಣರು ‘ಮೀಮ್’ ಎನ್ನುತ್ತಾರೆ. ಈ ಶಬ್ದವನ್ನು 1976ರಲ್ಲಿ ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ ಟಂಕಿಸಿದರು. ಅನುಕರಣೆಯಿಂದ ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಹರಡುವ ವಿಚಾರ, ರಾಗ, ಉಡುಗೆಯ ರೀತಿ ಎಲ್ಲವೂ ಅವರ ಅರ್ಥದಲ್ಲಿ ಮೀಮ್‌ಗಳೇ. ಚಿತ್ರಕ್ಕೆ ಬರೆಯುವ ನಗೆಸಾಲಿಗೆ ಆ ಹೆಸರು ಅಂಟಿಕೊಂಡದ್ದು ಅನಂತರದ ಕಾಲದಲ್ಲಿ.

ಇಂತಹ ಸಾಲುಗಳಿಗೆ ಹೆಚ್ಚಾಗಿ ವಸ್ತುವಾಗುವುದು ದಿನನಿತ್ಯದ ಸಣ್ಣ ಭಯಗಳು. ಗೋಡೆಯ ಮೇಲಿನ ಹಲ್ಲಿ, ಕತ್ತಲೆ, ಸೂಜಿಮದ್ದು, ಪರೀಕ್ಷೆಯ ಫಲಿತಾಂಶ, ಅಪರಿಚಿತ ನಂಬರಿನ ಕರೆ. ಹಲ್ಲಿಯನ್ನು ಕಂಡು ಅಂಗಳಕ್ಕೆ ಓಡಿದ ಗೃಹಿಣಿಯ ಚಿತ್ರಕ್ಕೆ ‘ಬಾಡಿಗೆ ಕೊಡದವಳು ಮನೆಯೊಡತಿಯನ್ನೇ ಹೊರಗೆ ಹಾಕಿದಳು’ ಎಂಬ ಸಾಲು. ಬೀಗ ಹಾಕಿ ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದ ನೆನಪಾಗದೆ ಚಡಪಡಿಸುವವರ ಚಿತ್ರಕ್ಕೆ ‘ಯಾತ್ರೆ ಶ್ರವಣಬೆಳಗೊಳಕ್ಕೆ, ಮನಸ್ಸು ಅಡುಗೆಮನೆಯಲ್ಲಿ’ ಎಂಬ ಸಾಲು. ಇವನ್ನು ಓದಿ ನಗದವರು ವಿರಳ. ನಗಬಾರದೆಂದು ಹೇಳುವವರು ತಮ್ಮ ಮನೆಯ ಗ್ಯಾಸನ್ನು ಒಮ್ಮೆ ನೆನೆಸಿಕೊಂಡರೆ ಸಾಕು!

ಆದರೆ ಶ್ರಾವಕನಾದವನು ಇಲ್ಲಿ ಕ್ಷಣಕಾಲ ನಿಲ್ಲಬೇಕಾಗುತ್ತದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಚಾರಿತ್ರಮೋಹನೀಯವನ್ನು ವಿಂಗಡಿಸುವಾಗ ಒಂಬತ್ತು ನೋಕಷಾಯಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದು ಹಾಸ್ಯ, ಐದನೆಯದು ಭಯ. ಎರಡೂ ಒಂದೇ ಮನೆಯ ಮಕ್ಕಳು. ಭಯವನ್ನು ಹಾಸ್ಯದಿಂದ ಗೆದ್ದೆನೆಂದು ಬೀಗುವವನು ಒಬ್ಬ ಬಾಡಿಗೆದಾರನನ್ನು ಬಿಡಿಸಿ ಅವನ ತಮ್ಮನಿಗೆ ಮನೆ ಕೊಟ್ಟಂತಾಯಿತು. ಇವೆರಡರ ಉದಯವೂ ಪೂರ್ತಿಯಾಗಿ ನಿಲ್ಲುವುದು ಎಂಟನೆಯ ಗುಣಸ್ಥಾನವಾದ ಅಪೂರ್ವಕರಣದ ಅಂತ್ಯದಲ್ಲಿ ಎಂದ ಮೇಲೆ, ಗೃಹಸ್ಥನು ಹೆದರುವನೆಂದರೆ ಅದರಲ್ಲಿ ಆಶ್ಚರ್ಯವಿಲ್ಲ, ನಗುವನೆಂದರೂ ಇಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಭಯಸಂಜ್ಞೆ ಹುಟ್ಟುವುದಕ್ಕೆ ನಾಲ್ಕು ಕಾರಣಗಳನ್ನು ಕೊಡುತ್ತಾರೆ: ಭಯಂಕರವಾದುದನ್ನು ಕಾಣುವುದು, ಅದನ್ನೇ ನೆನೆಯುವುದು, ಶಕ್ತಿಹೀನತೆ, ಭಯಕರ್ಮದ ಉದೀರಣೆ. ಹಲ್ಲಿಯಿಂದ ಹಿಡಿದು ತೆರಿಗೆಯ ನೋಟಿಸಿನವರೆಗೆ ಯಾವ ಭಯವನ್ನು ತೆಗೆದುಕೊಂಡರೂ ಈ ನಾಲ್ಕರೊಳಗೆ ಬರುತ್ತದೆ.

ಏಳನೆಯ ಅಧ್ಯಾಯದ ಒಂದು ಸೂತ್ರ ಇನ್ನೂ ಸೂಕ್ಷ್ಮವಾದುದು. ಸತ್ಯವ್ರತವನ್ನು ದೃಢಪಡಿಸುವ ಐದು ಭಾವನೆಗಳಲ್ಲಿ ಕ್ರೋಧ, ಲೋಭಗಳ ತ್ಯಾಗದೊಡನೆ ಭೀರುತ್ವ ಮತ್ತು ಹಾಸ್ಯಗಳ ತ್ಯಾಗವನ್ನೂ ಅಲ್ಲಿ ಸೇರಿಸಲಾಗಿದೆ. ಮನುಷ್ಯನು ಸುಳ್ಳಾಡುವುದು ಸಿಟ್ಟಿನಿಂದ, ಆಸೆಯಿಂದ ಮಾತ್ರವಲ್ಲ. ಅಂಜಿಕೆಯಿಂದಲೂ ತಮಾಷೆಗಾಗಿಯೂ ಆಡುತ್ತಾನೆ. ಅಂಗಡಿಯ ಗಲ್ಲೆಯಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿರಾಕಿ ಕೈತಪ್ಪುವನೆಂಬ ಭಯದಿಂದ ‘ಸರಕು ನಾಳೆಯೇ ಬರುತ್ತದೆ’ ಎಂಬ ಮಾತು ಬರುತ್ತದೆ; ನಾಳೆ ಬಾರದಿದ್ದಾಗ ‘ಲಾರಿಗೂ ಇವತ್ತು ಉಪವಾಸ’ ಎಂಬ ನಗೆಮಾತು ಬರುತ್ತದೆ. ಒಂದು ಸುಳ್ಳಿಗೆ ಭಯ ಕಾರಣ, ಅದರ ಮೇಲಿನ ಮುಸುಕಿಗೆ ಹಾಸ್ಯ ಕಾರಣ.

ವರ್ತಕರ ಭಯವನ್ನು ಕುರಿತೇ ತರುಣನೊಬ್ಬನು ಬರೆದ ಸಾಲೊಂದು ಕೆಲವು ಹಿರಿಯರಲ್ಲಿ ಚರ್ಚೆಗೆ ಬಂದಿತ್ತು. ಜಿ.ಎಸ್.ಟಿ. ನೋಟಿಸಿನ ಮುಂದೆ ಕಣ್ಣುಮುಚ್ಚಿ ಕುಳಿತ ವ್ಯಾಪಾರಿಯ ಚಿತ್ರ. ಕೆಳಗೆ, ‘ತೆರೆಯುವ ಮುನ್ನ ಪ್ರತಿಕ್ರಮಣ, ತೆರೆದ ಮೇಲೆ ಕಾಯೋತ್ಸರ್ಗ’. ಇದು ಧರ್ಮದ ಅಪಹಾಸ್ಯವೆಂದು ಒಬ್ಬರು ಸಿಟ್ಟಾದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹಾಸ್ಯವೇದನೀಯದ ಆಸ್ರವಕ್ಕೆ ಸದ್ಧರ್ಮದ ಅಪಹಾಸ್ಯವನ್ನೂ ದೀನರನ್ನು ಕಂಡು ನಗುವುದನ್ನೂ ಕಾರಣವಾಗಿ ಹೇಳಿರುವುದು ನಿಜ. ಆದರೆ ಈ ಸಾಲಿನಲ್ಲಿ ನಗೆಗೀಡಾದದ್ದು ಪ್ರತಿಕ್ರಮಣವಲ್ಲ. ವರ್ಷವಿಡೀ ಅದನ್ನು ಮರೆತು ನೋಟಿಸು ಬಂದ ದಿನ ನೆನೆಯುವ ವ್ಯಾಪಾರಿ. ಬರೆದವನೂ ವ್ಯಾಪಾರಿಯ ಮಗ. ತನ್ನ ಮನೆಯ ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದವನ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ನಿಜವಾಗಿ ಸಿಟ್ಟಾಗಬೇಕಾದದ್ದು ಬೇರೊಂದು ಮನೆಯಲ್ಲಿ ನಡೆಯಿತು. ಅಲ್ಲಿಯ ಅಜ್ಜಿಗೆ ರಾತ್ರಿ ಮಲಗುವ ಮುನ್ನ ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವ ರೂಢಿ. ಮೊಮ್ಮಗ ಅದರ ಚಿತ್ರ ತೆಗೆದು, ‘ರಿಸರ್ವ್ ಬ್ಯಾಂಕಿನಲ್ಲೂ ಇಷ್ಟು ಕಾವಲಿಲ್ಲ’ ಎಂದು ಬರೆದು ಬಂಧುಗಳ ವಾಟ್ಸಾಪ್ ಬಳಗಕ್ಕೆ ಕಳಿಸಿದ. ಎಲ್ಲರೂ ನಕ್ಕರು. ಸಾಲು ಚೆನ್ನಾಗಿಯೇ ಇತ್ತು. ಚಿತ್ರ ಬಳಗದಿಂದ ಬಳಗಕ್ಕೆ ಹಾರಿ, ವಾರ ಕಳೆಯುವುದರೊಳಗೆ ಅಜ್ಜಿಯ ತವರೂರಿನಿಂದಲೇ ಮರಳಿ ಬಂದಿತು. ಬಹಳ ವರ್ಷಗಳ ಹಿಂದೆ, ಯಜಮಾನರು ಊರಲ್ಲಿಲ್ಲದ ಒಂದು ರಾತ್ರಿ, ಚಿಲಕ ಸರಿಯಾಗಿ ಬೀಳದೆ ಆ ಮನೆಗೆ ಕಳ್ಳರು ನುಗ್ಗಿದ್ದರು. ಆಗ ಎಳೆಗೂಸನ್ನು ಎದೆಗವುಚಿಕೊಂಡು ಉಗ್ರಾಣದಲ್ಲಿ ಅಡಗಿ ಕುಳಿತವರು ಇದೇ ಅಜ್ಜಿ. ಆ ಕೂಸು ಈ ಮೊಮ್ಮಗನ ತಂದೆ. ಹುಡುಗನಿಗೆ ಇದು ತಿಳಿದಿರಲಿಲ್ಲ, ಕೇಳಿಯೂ ಇರಲಿಲ್ಲ. ಅಜ್ಜಿ ಏನನ್ನೂ ಹೇಳಲಿಲ್ಲ. ಅಂದಿನಿಂದ ಎಲ್ಲರೂ ಮಲಗಿದ ಮೇಲೆ, ದೀಪ ಹಾಕದೆ, ಗೋಡೆ ಹಿಡಿದು ನಡೆದು ಬಂದು ಚಿಲಕ ಮುಟ್ಟತೊಡಗಿದರು. ಭಯ ಹೋಗಲಿಲ್ಲ, ಬೆಳಕು ಹೋಯಿತು.

ಅನರ್ಥದಂಡವಿರತಿಯ ಅತಿಚಾರಗಳಲ್ಲಿ ‘ಅಸಮೀಕ್ಷ್ಯಾಧಿಕರಣ’ವೆಂಬುದೊಂದು ಇದೆ. ಮುಂದುವರಿದುದನ್ನು ನೋಡದೆ, ಬೇಕಾದುದಕ್ಕಿಂತ ಹೆಚ್ಚಾಗಿ ಮಾಡಿಬಿಡುವುದು. ಒಂದು ಬೆರಳಿನ ಒತ್ತಿಗೆ ನೂರಾರು ಮನೆಗಳಿಗೆ ಹೋಗುವ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಈ ಶಬ್ದಕ್ಕೆ ಸಿಗಲಾರದು. ಹುಡುಗ ತಿಳಿದ ಮೇಲೆ ತನ್ನ ಬಳಗದಿಂದ ಅದನ್ನು ಅಳಿಸಿದ. ಬೇರೆಯವರ ಮೊಬೈಲುಗಳಲ್ಲಿ ಅದು ಉಳಿದೇ ಉಳಿಯಿತು.

ಹಾಗೆಂದು ನಗೆಸಾಲನ್ನೇ ಬಿಡಬೇಕೆಂದಲ್ಲ. ಮುಳುಗುಂದದ ನಯಸೇನನು 1112ರಲ್ಲಿ ಮುಗಿಸಿದ ಧರ್ಮಾಮೃತದಲ್ಲಿ ಗಾದೆಗಳನ್ನೂ ಹೋಲಿಕೆಗಳನ್ನೂ ರಾಶಿ ಹಾಕಿ ಓದುಗರನ್ನು ನಗಿಸಿಯೇ ವ್ರತಗಳನ್ನು ಬೋಧಿಸಿದ್ದಾನೆ. ಇಂದು ನಗೆಸಾಲಿಗೆ ಒಂದು ದೊಡ್ಡ ಕೆಲಸವೂ ಕಾದಿದೆ. ಪೊಲೀಸರೆಂದೋ ತನಿಖಾಧಿಕಾರಿಗಳೆಂದೋ ವೀಡಿಯೊ ಕರೆ ಮಾಡಿ, ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಕೂಡದು’ ಎಂದು ಹೆದರಿಸಿ ವೃದ್ಧರ ಠೇವಣಿಯನ್ನು ದೋಚುವ ವಂಚನೆಯನ್ನು ಕುರಿತು 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಎಚ್ಚರಿಸಿದರು. ಅಂತಹ ಬಂಧನವೆಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ನೇಮಿಚಂದ್ರರು ಹೇಳಿದ ಕಾರಣಗಳೆಲ್ಲ ಅಲ್ಲಿ ಕೂಡಿಬರುತ್ತವೆ: ಸಮವಸ್ತ್ರದ ಭೀಕರ ದರ್ಶನ, ಗಂಟೆಗಟ್ಟಲೆ ಅದೇ ಚಿಂತೆ, ಒಂಟಿತನದ ಬಲಹೀನತೆ. ಇದಕ್ಕೆ ಅದೇ ಮೊಮ್ಮಗ ಬರೆದ ಸಾಲು: ‘ಬಂಧಿಸುವುದಾದರೆ ಮನೆಗೇ ಬನ್ನಿ ಸ್ವಾಮಿ, ಕಾಫಿ ಇಟ್ಟಿರುತ್ತೇವೆ.’ ಚಿತ್ರದಲ್ಲಿರುವವರು ಯಾರ ಅಜ್ಜಿಯೂ ಅಲ್ಲ, ಅವನೇ; ಕೈಯಲ್ಲಿ ಲೋಟ ಹಿಡಿದು ನಿಂತಿದ್ದಾನೆ. ಚತುರ್ವಿಧ ದಾನಗಳಲ್ಲಿ ಅಭಯದಾನವನ್ನು ಎಣಿಸುವ ಸಮಾಜಕ್ಕೆ ಇದರ ಬೆಲೆ ತಿಳಿಯದಿರದು.

ಟ್ರಸ್ಟಿನವರಿಗೆ ಒಂದು ಸೂಚನೆ. ವೃದ್ಧರಲ್ಲಿ ಹಲವರು ಮೊಬೈಲಿನ ಸಣ್ಣಕ್ಷರ ಓದುವುದಿಲ್ಲ, ಆದರೆ ಬಸದಿಗೆ ಬರುತ್ತಾರೆ. ಸೂಚನಾಫಲಕದಲ್ಲಿ ಪೂಜೆಯ ಸರದಿಪಟ್ಟಿಯ ಪಕ್ಕ ಒಂದು ಹಾಳೆಗೆ ಜಾಗವಿದ್ದೇ ಇರುತ್ತದೆ. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ ಸಂಖ್ಯೆ 1930ನ್ನು ಹಾಕಿಸಿದರೆ ಖರ್ಚು ಒಂದು ಹಾಳೆಯದು, ಶ್ರಮ ಅರ್ಧ ಗಂಟೆಯದು.